ರಾಮದುರ್ಗದಲ್ಲಿ ವಿನಯಕ್ಕೆ ಹತ್ತು ಅಂಕ

ಶನಿವಾರ ಬೆಳಿಗ್ಗೆ ಬೈಲಹೊಂಗಲದಿಂದ ಸವದತ್ತಿ ಬಸ್ಸು ಹಿಡಿದೆ. ಹೆಂಗಸರಿಗೆ ಸೊನ್ನೆ ಟಿಕೆಟ್, ಸೀಟು ಮಾತ್ರ ಮುನವಳ್ಳಿಯವರೆಗೆ ಸಿಗಲಿಲ್ಲ. ರಾಮದುರ್ಗದ ಗೆಳತಿ ಶಬಾನಾ ಬಾ ಎಂದು ಕರೆದಿದ್ದಳು. ಆಕೆ ಮಸೀದಿಯ ಮದ್ರಸಾದಲ್ಲಿ ಮಕ್ಕಳಿಗೆ ಕುರಾನ್ ಓದಿಸುತ್ತಾಳೆ. ಈ ವರ್ಷ ಅದರ ಜೊತೆಗೆ ಸೂಫಿ ಸಂತರ ನಡತೆಯ ಪಾಠವನ್ನೂ ಸೇರಿಸಿದ್ದಳು: ತಾಳ್ಮೆ, ಸೇವೆ, ತೋರಿಸಿಕೊಳ್ಳದ ಒಳ್ಳೆಯತನ. ಅದು ಮುಂದುವರಿಯಬೇಕೋ ಬೇಡವೋ ಎಂದು ನಿರ್ಧರಿಸಲು ಕಮಿಟಿಯ ಹಿರಿಯರಾದ ದಸ್ತಗೀರ ಸಾಹೇಬರು ಅಂದು ಸಂಜೆ ಬರುವವರಿದ್ದರು.

ದಾರಿಯಲ್ಲಿ ನವಿಲುತೀರ್ಥದ ನೀರು ಕಂಡಿತು. ಕಂಡಿತೋ, ಕಾಣಬೇಕಿತ್ತೆಂದು ಈಗ ನಾನೇ ಸೇರಿಸುತ್ತಿದ್ದೇನೋ; ಅಂದು ಮೋಡ ಬಹಳ. ಸವದತ್ತಿಯಲ್ಲಿ ಗಿರ್ಮಿಟ್ಟು ತಿಂದು ಬಸ್ಸು ಬದಲಿಸಿ, ಊಟದ ಹೊತ್ತಿಗೆ ರಾಮದುರ್ಗ ಮುಟ್ಟಿದೆ.

ರೊಟ್ಟಿ ಬಡಿಸುತ್ತಲೇ ಶಬಾನಾ ಪೇಚಾಟ ಹೇಳಿಕೊಂಡಳು. "ವಿನಯಕ್ಕ ಹತ್ತು ಮಾರ್ಕ್ಸ್ ಇಟ್ಟಿದ್ನಿ. ಒಬ್ಬಾಕಿ ಬಂದು, 'ಆಪಾ, ಇಡೀ ಕ್ಲಾಸಿನ್ಯಾಗ ನನ್ನಷ್ಟು ವಿನಯ ಯಾರಿಗೂ ಇಲ್ರಿ' ಅಂದ್ಳು. ಇನ್ನೊಬ್ಬಾಕಿ ಅಜ್ಜಿ ಕಾಲು ಒತ್ತಿದ್ದಕ್ಕ ಸಾಕ್ಷಿ ಹೇಳಾಕ ಅಜ್ಜಿನ್ನs ಕರಕೊಂಡು ಬಂದ್ಳು!"

ನಾನು ನಕ್ಕೆ. ಆಕೆ ನಗಲಿಲ್ಲ. "ಮಾರ್ಕ್ಸ್ ತಗದುಬಿಟ್ಟೇನಿ. ಒಳ್ಳೇದು ಮಾಡ್ರಿ, ಮಾಡಿದ್ದು ಯಾರಿಗೂ ಹೇಳಬ್ಯಾಡ್ರಿ ಅಂದೇನಿ. ಈಗ ಸಾಹೇಬ್ರಿಗೆ ಏನು ತೋರಸ್ಲಿ?"

ಸಂಜೆ ಪಾಠ ಮುಗಿದಾಗ ಸಾಹೇಬರು ಕೇಳಿದ್ದೂ ಅದನ್ನೇ. ನಾನಿದ್ದೆನೆಂದು ಕನ್ನಡದಲ್ಲೇ ಮಾತಾಡಿದರು. "ಕುರಾನಿನ ಸೂರಾ ಬಾಯಿಪಾಠ ಒಪ್ಪಸ್ತಾರ, ಕೇಳತೇನಿ. ಇದನ್ನ ಕಲ್ತಾರಂತ ಹೆಂಗ ತಿಳೀಬೇಕವಾ?"

"ತಿಳಿಯೂದಿಲ್ರಿ ಚಾಚಾ," ಎಂದಳು ಶಬಾನಾ.

ಇನ್ನು ಈ ಪಾಠ ನಿಂತಂತೆಯೇ ಎಂದುಕೊಂಡೆ. ಸಾಹೇಬರು ಎದ್ದು ಬಾಗಿಲ ಕಡೆ ನಡೆದರು.

ಹೊರಗೆ ಮಳೆ ಬಂದು ಹೋಗಿತ್ತು. ಅಂಗಳದಲ್ಲಿ ಬಿಟ್ಟಿದ್ದ ನಮ್ಮೆಲ್ಲರ ಚಪ್ಪಲಿಗಳು ಜಗುಲಿಯ ಒಣ ಜಾಗಕ್ಕೆ ಬಂದಿದ್ದವು. ಕಾಲಿಗೆ ಹಾಕಿಕೊಂಡು ನೇರ ಹೊರಡುವಂತೆ ಮುಖ ತಿರುಗಿಸಿ, ಜೋಡಿ ಜೋಡಿಯಾಗಿ. ಪಾಠದ ನಡುವೆ ನೀರು ಕುಡಿಯಲೆಂದು ಕೆಲವು ಮಕ್ಕಳು ಎದ್ದು ಹೋಗಿದ್ದರು.

"ಯಾರು ಮಾಡಿದ್ರಿ ಇದನ್ನ?" ಸಾಹೇಬರು ಮಕ್ಕಳನ್ನು ಕೇಳಿದರು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೇಳಿದವ್ರಿಗೆ ಪೇಢೆ ಕೊಡಸ್ತೇನಿ."

ಯಾರೋ ಕಿಸಕ್ಕನೆ ನಕ್ಕರು, ಅಷ್ಟೇ. ಸಾಹೇಬರು ಚಪ್ಪಲಿ ಮೆಟ್ಟಿಕೊಂಡರು. "ಪೇಢೇನೂ ಬಿಟ್ವಲ್ಲ ಇವು! ನಡೀಲಿ ಬಿಡವಾ ನಿನ್ನ ಪಾಠ."

ಶಬಾನಾ ಕಂಬಕ್ಕೆ ಒರಗಿ ಉಸಿರು ಬಿಟ್ಟಳು.

ಭಾನುವಾರ ಬಸ್ಸು ಹತ್ತಿಸಲು ಬಂದ ಶಬಾನಾಳನ್ನು ಕಿಟಕಿಯಿಂದಲೇ ಕೇಳಿದೆ. "ಖರೇ ಹೇಳು. ಚಪ್ಪಲಿ ನೀನs ಜೋಡ್ಸಿದ್ಯೋ?"

"ಅಯ್ಯs! ನೀನs ಜೋಡ್ಸಿರಬೇಕು ಅಂತ ರಾತ್ರಿ ಪೂರಾ ಅನ್ಕೊಂಡಿದ್ನಲ್ಲೇ!"

ಬಸ್ಸು ಹೊರಟಿತು. ತಿರುಗಿ ನೋಡಿದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಲ್ಲೇ ನಗುತ್ತಿದ್ದಳು.