ಕೈಪಂಪಿನ ದುಭಾಷಿ

ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದ ಮೇಲೆ ಮೊದಲ ಒಂದು ವರ್ಷ ನಾನು ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಚಿಕ್ಕಲಸಂದ್ರದ ನಮ್ಮ ಮನೆಯ ಬೀರುಗಳನ್ನು ಖಾಲಿ ಮಾಡಿ ಮತ್ತೆ ತುಂಬಿಸಿದೆ, ಅಷ್ಟೆ. ಎರಡನೇ ವರ್ಷ, ಜೊತೆಗೆ ಕೆಲಸ ಮಾಡಿದ್ದ ಗೆಳತಿಯೊಬ್ಬಳು ಒಂದು ಸಂಸ್ಥೆಯ ವಿಷಯ ಹೇಳಿದಳು. ಮನೆಯಲ್ಲಿ ಕೂತೇ, ಫೋನಿನಲ್ಲಿ, ಬೇರೆ ದೇಶದ ಹಳ್ಳಿಗಳವರಿಗೆ ಪಾಠ ಹೇಳುವ ಸ್ವಯಂಸೇವಕರನ್ನು ಅವರು ಹುಡುಕುತ್ತಿದ್ದರು. ನಾನು ಅರ್ಜಿ ಹಾಕಿದೆ. ಜಾಂಬಿಯಾ ದೇಶದ ಒಂದು ಹಳ್ಳಿಶಾಲೆಯ ಟೀಚರಿಗೂ ನನಗೂ ಗಂಟುಹಾಕಿದರು. ಆ ಹುಡುಗಿಗೆ ಮೂವತ್ತರ ಆಸುಪಾಸು ವಯಸ್ಸು. ಊರಿನ ತಾಯಂದಿರಿಗೆ ಸಂತೆ, ಆಸ್ಪತ್ರೆಗಳಲ್ಲಿ ಬಳಸುವಷ್ಟು ಇಂಗ್ಲಿಷ್ ಕಲಿಸಬೇಕೆಂಬುದು ಅವಳ ಆಸೆ.

ಮೊದಲ ದಿನ ನಾನು ಹತ್ತು ವಾಕ್ಯಗಳನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡು, ಒಳ್ಳೆ ಸೀರೆ ಉಟ್ಟು, ಸಂಜೆ ನಾಲ್ಕಕ್ಕೆ ಫೋನಿನ ಮುಂದೆ ಕೂತೆ. ಅಲ್ಲಿ ಆಗ ಮಧ್ಯಾಹ್ನ. ಶಾಲೆಯ ಬೆಂಚುಗಳ ಮೇಲೆ ಹನ್ನೆರಡು ಹೆಂಗಸರು ಕೂತಿದ್ದರು. ನಾನು ಮೊದಲ ವಾಕ್ಯ ಓದುವ ಮುಂಚೆಯೇ ಟೀಚರ್, “ಮೇಡಂ, ಇವರು ಒಂದು ಪ್ರಶ್ನೆ ಕೇಳು ಅಂತಿದ್ದಾರೆ,” ಎಂದು ಇಂಗ್ಲಿಷಿನಲ್ಲಿ ಹೇಳಿ, ಫೋನು ಹಿಡಿದುಕೊಂಡು ಹೊರಗೆ ನಡೆದಳು. ಶಾಲೆಯ ಅಂಗಳದಲ್ಲಿ ಒಂದು ಕೈಪಂಪು ಇತ್ತು. ಚಿಕ್ಕಂದಿನಲ್ಲಿ ನಾವು ಬೋರಿಂಗ್ ಎಂದು ಕರೆಯುತ್ತಿದ್ದ, ಉದ್ದ ಹಿಡಿಯ ಕಬ್ಬಿಣದ ಪಂಪು. ಅದರ ಮೈಮೇಲೆ ಇಂಡಿಯಾ ಎಂಬ ಅಕ್ಷರಗಳಿದ್ದವು.

“ಇದು ನಿಮ್ಮ ದೇಶದ್ದು. ಕೆಟ್ಟಿದೆ. ಸರಿಮಾಡುವುದು ಹೇಗೆ ಅಂತ ಕೇಳ್ತಿದ್ದಾರೆ.”

ರಿಪೇರಿಯವನು ದೂರದ ಪಟ್ಟಣದಿಂದ ಬರಬೇಕು, ಬರುವುದಕ್ಕೆ ತಿಂಗಳುಗಟ್ಟಲೆ ಆಗುತ್ತದೆ. ಅಲ್ಲಿಯವರೆಗೆ ಹೆಂಗಸರು ಹಳ್ಳಕ್ಕೆ ನಡೆಯಬೇಕು, ಹೋಗಿ ಬರುವಷ್ಟರಲ್ಲಿ ಎರಡು ಗಂಟೆ. ಪಂಪು ಸರಿಹೋದರೆ ಪಾಠಕ್ಕೆ ಬರುತ್ತೇವೆ ಎಂದು ಅವರಲ್ಲೊಬ್ಬಾಕೆ ಹೇಳಿದಳಂತೆ. ನನಗೆ ನಲ್ಲಿಯ ವಾಷರ್ ಬದಲಾಯಿಸುವುದೂ ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ.

ನಮ್ಮ ಬೀದಿಯ ಪ್ಲಂಬರನ್ನು ಕೇಳಿದೆ. “ಸಬ್‌ಮರ್ಸಿಬಲ್ ಮೋಟರ್ ಆದ್ರೆ ಹೇಳಿ ಮೇಡಂ, ಅದೆಲ್ಲ ನಮ್ಮಪ್ಪನ ಕಾಲದ್ದು,” ಎಂದ. ಉತ್ತರಹಳ್ಳಿ ರಸ್ತೆಯ ಅಂಗಡಿಗಳವರೂ ಗೊತ್ತಿಲ್ಲವೆಂದು ತಲೆಯಾಡಿಸಿದರು. ನಾಲ್ಕನೇ ದಿನ ಶ್ರೀನಗರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದಾಗ, ಗಲ್ಲಾದಲ್ಲಿ ಕೂತಿದ್ದವನು ನನ್ನನ್ನು ಬಿಟ್ಟು ಹಿಂದಕ್ಕೆ ತಿರುಗಿ, “ಮಾವಾ, ನಿಮ್ಮ ಗಿರಾಕಿ ಬಂದವ್ರೆ ನೋಡಿ,” ಎಂದ.

ಪೈಪುಗಳ ಸಂದಿಯಿಂದ ಎಪ್ಪತ್ತು ದಾಟಿದ ಯಜಮಾನರೊಬ್ಬರು ಎದ್ದು ಬಂದರು. ತಾಲ್ಲೂಕಿನ ಬೋರ್‌ವೆಲ್ ರಿಪೇರಿ ಗ್ಯಾಂಗಿನಲ್ಲಿ ಜೀವಮಾನವೆಲ್ಲ ದುಡಿದು, ಈಗ ಅಳಿಯನ ಅಂಗಡಿಯಲ್ಲಿ ಕೂರುತ್ತಿದ್ದವರು. ಅವರ ಎಡಗೈಯಲ್ಲಿ ಎರಡು ಬೆರಳು ಅರ್ಧಕ್ಕೇ ನಿಂತಿದ್ದವು. ನಾನು ವಿಷಯ ಹೇಳಿದೆ. ಜಾಂಬಿಯಾ ಎಲ್ಲಿದೆ, ನಾನು ಯಾರು, ಯಾವುದನ್ನೂ ಅವರು ಕೇಳಲಿಲ್ಲ.

“ಎಷ್ಟು ಸಲ ಹೊಡೆದ್ ಮೇಲೆ ನೀರ್ ಬರುತ್ತಂತೆ?” ಎಂದರು.

ಗೊತ್ತಿಲ್ಲ ಎಂದೆ. “ಅದನ್ ಕೇಳ್ಕೊಂಡ್ ಬನ್ನಿ ಮೊದ್ಲು.”

ಕೇಳಿದೆ. ಆ ಹೆಂಗಸರು ಎಣಿಸಿ ಹೇಳಿದರು: ನಲವತ್ತಕ್ಕೂ ಮೇಲೆ ಹೊಡೆದರೆ ಒಂದು ಚೊಂಬಿನಷ್ಟು, ಕೆಲವು ದಿನ ಅದೂ ಇಲ್ಲ. ಅದನ್ನು ಕೇಳಿದ ಕೂಡಲೇ ಯಜಮಾನರು, “ಹಿಡಿಯ ಚೈನು, ಸರಳು ಎಲ್ಲಾ ಸರಿಯಾಗಿದೆ. ಕೆಳಗಡೆ ಬಕೆಟ್ ಸವೆದಿದೆ. ಅದನ್ನ ಬದಲಾಯಿಸ್ಬೇಕು,” ಎಂದರು. ಮರುದಿನ ನಾನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಮುಂದಿನ ಕರೆಯ ಹೊತ್ತಿಗೆ ಆ ಹೆಂಗಸರು ಹೊಸದೊಂದು ನೀಲಿ ಪ್ಲಾಸ್ಟಿಕ್ ಬಕೆಟ್ ತಂದು ಪಂಪಿನ ಪಕ್ಕ ಇಟ್ಟುಕೊಂಡು ಕಾಯುತ್ತಿದ್ದರು. ನಾನು ಅಂಗಡಿಗೆ ಓಡಿದೆ. ಯಜಮಾನರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಬಕೆಟ್ ಎಂದರೆ ಬಟ್ಟಲಿನ ಆಕಾರದ ಚರ್ಮದ ವಾಷರ್. ನೆಲದೊಳಗೆ ನೂರು ಅಡಿ ಆಳದಲ್ಲಿ, ಪೈಪಿನ ತುದಿಯ ಹಿತ್ತಾಳೆ ಸಿಲಿಂಡರಿನಲ್ಲಿ ಕೂತು ನೀರನ್ನು ಮೇಲಕ್ಕೆ ನೂಕುವುದು ಅದೇ.

“ಬಾಯಲ್ ಹೇಳಿದ್ರೆ ಆಗಲ್ಲ ಮೇಡಂ. ಕಣ್ಣಲ್ಲಿ ನೋಡ್ಬೇಕು. ಒಂದು ಪಂಪು ಬೇಕು,” ಎಂದರು ಅವರು.

ಬೆಂಗಳೂರಿನ ಈ ದಿಕ್ಕಿನಲ್ಲಿ ಕೈಪಂಪು ಹುಡುಕುವುದು ಹೇಗೆ? ಅವರ ತಲೆಯಲ್ಲಿ ಹಳೆಯ ಪಟ್ಟಿ ಇತ್ತು. ಆಟೋ ಹಿಡಿದು ಇಬ್ಬರೂ ಮೂರು ಕಡೆ ಹೋದೆವು. ಒಂದು ಜಾಗದಲ್ಲಿ ಬ್ಯೂಟಿ ಪಾರ್ಲರ್ ಎದ್ದಿತ್ತು, ಇನ್ನೊಂದರ ಮೇಲೆ ಚರಂಡಿಯ ಕಲ್ಲುಚಪ್ಪಡಿ ಬಿದ್ದಿತ್ತು. ವಸಂತಪುರದಲ್ಲಿ ಮಾತ್ರ, ಮೂರಂತಸ್ತಿನ ಒಂದು ಕಟ್ಟಡದ ಮುಂದೆ, ಮೊಣಕಾಲಿನ ಮಟ್ಟಕ್ಕೆ ಸಿಮೆಂಟಿನಲ್ಲಿ ಹೂತುಕೊಂಡ ಪಂಪು ನಿಂತಿತ್ತು. ಅದರ ಹಿಡಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಕಟ್ಟಡದ ಒಡತಿ ನೆಲಮಹಡಿಯಲ್ಲಿದ್ದರು. ಅದೇ ಊರಿನವರು. ಆ ಜಾಗದಲ್ಲಿ ಹಿಂದೆ ಅವರದೇ ರಾಗಿ ಹೊಲವಿತ್ತು, ಈಗ ಮೇಲಿನ ಎರಡು ಮಹಡಿಗಳಲ್ಲಿ ಬಾಡಿಗೆಯವರು.

“ಅದ್ರಲ್ಲಿ ನೀರಿಲ್ಲ ಕಣಣ್ಣ, ನಿಂತೋಗಿ ಎಷ್ಟೋ ವರ್ಷ ಆಯ್ತು,” ಎಂದರು.

“ನೀರ್ ಬೇಡ ಅಕ್ಕ. ಬಿಚ್ಚಿ ತೋರಿಸೋಕೆ ಬೇಕು ಅಷ್ಟೆ. ಮತ್ತೆ ಜೋಡಿಸ್ಕೊಡ್ತೀನಿ.”

“ಯಾರಿಗ್ ತೋರಿಸ್ತೀರ?”

ನಾನು ವಿವರಿಸಿದೆ. ಆಕೆ ಒಳಗೆ ಹೋಗಿ ಹಗ್ಗದ ಮೇಲಿನ ಬಟ್ಟೆ ತುಂಬಿಕೊಳ್ಳಲು ಬುಟ್ಟಿ ತಂದರು.

ಮುಂದಿನ ಶನಿವಾರ ಅಂಗಡಿಯ ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಯಜಮಾನರು ಅಲ್ಲಿ ಪಾಠ ಶುರುಮಾಡಿದರು. ನಾನು ಒಂದು ಕೈಯಲ್ಲಿ ಫೋನು ಹಿಡಿದು, ಅವರು ಹೇಳಿದ್ದನ್ನು ಇಂಗ್ಲಿಷಿಗೆ ತರುತ್ತಿದ್ದೆ. ಆ ಕಡೆ ಟೀಚರ್ ಅದನ್ನು ತಮ್ಮ ಭಾಷೆಗೆ ತರುತ್ತಿದ್ದಳು. ಮುಚ್ಚಳ ತೆಗೆಯುವುದು, ಚೈನು ಬಿಚ್ಚುವುದು, ಪಂಪಿನ ತಲೆಭಾಗ ಎತ್ತಿಡುವುದು, ಎಲ್ಲ ಸರಾಗವಾಗಿ ಆಯಿತು. ಆ ಹೆಂಗಸರು ತಮ್ಮ ಪಂಪಿನ ಮೇಲೆ ಅದನ್ನೇ ಮಾಡಿ ತೋರಿಸಿದರು. ಆಮೇಲೆ ಪೈಪು ಎತ್ತುವ ಹಂತ ಬಂತು. ನೂರು ಅಡಿ ಕಬ್ಬಿಣದ ಪೈಪನ್ನು, ಹತ್ತು ಹತ್ತು ಅಡಿ ಮೇಲೆತ್ತಿ ಬಿಚ್ಚಬೇಕು. ಬಿಚ್ಚುವಾಗ ಉಳಿದ ಪೈಪು ಒಳಕ್ಕೆ ಜಾರದಂತೆ ಕೊಳವೆಬಾವಿಯ ಬಾಯಿಯಲ್ಲೇ ಕಚ್ಚಿ ಹಿಡಿಯಲು ಕ್ಲ್ಯಾಂಪು ಬೇಕು. ಯಜಮಾನರು ತಮ್ಮ ಹಳೆಯ ಕ್ಲ್ಯಾಂಪನ್ನು ಎತ್ತಿ ತೋರಿಸಿದರು.

ತಮ್ಮಲ್ಲಿ ಅದಿಲ್ಲ ಎಂದಳು ಟೀಚರ್. ದಪ್ಪ ಹಗ್ಗ ಇದೆ, ಹತ್ತು ಜನ ಇದ್ದೇವೆ.

“ಕ್ಲ್ಯಾಂಪ್ ಇಲ್ದೆ ಪೈಪ್ ಮುಟ್ಲೇಬಾರ್ದು ಅಂತ ಹೇಳಿ,” ಎಂದರು ಯಜಮಾನರು.

ನಾನು ಹಾಗೆ ಹೇಳಲಿಲ್ಲ. ಅವರು ಅಷ್ಟು ದೂರ ನಡೆದು ನೀರು ತರುವವರು, ಅಂದು ಪಂಪು ಸರಿಹೋಗುತ್ತದೆಂದು ಮಕ್ಕಳನ್ನೂ ಕರೆದುಕೊಂಡು ಬಂದು ನಿಂತಿದ್ದರು. ಅವರ ಮುಖ ನೋಡಿ ನನಗೆ ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಕ್ಲ್ಯಾಂಪು ಇದ್ದರೆ ಒಳ್ಳೆಯದು, ಹಗ್ಗ ಬಳಸುವುದಾದರೆ ಬಹಳ ಕೇರ್‌ಫುಲ್ ಆಗಿರಿ ಎಂದೆ. ಆ ಕಡೆ ಕೂಡಲೇ ಹಗ್ಗ ಬಂತು.

ಯಜಮಾನರು ನನ್ನ ಕಡೆ ತಿರುಗಿದರು. ಅವರು ಓದಿದ್ದು ನಾಲ್ಕನೇ ಕ್ಲಾಸು.

“ಮೇಡಂ, ನಾನು ಮುಟ್ಬೇಡಿ ಅಂದೆ. ನೀವು ಕೇರ್‌ಫುಲ್ ಅಂದ್ರಿ. ಕೇರ್‌ಫುಲ್ ಅಂದ್ರೆ ಹುಷಾರು ಅಲ್ವಾ?”

ಹೌದು ಎಂದೆ.

“ಹುಷಾರು ಬೇರೆ, ಬೇಡ ಬೇರೆ. ಮೊದ್ಲು ಅವ್ರನ್ನ ನಿಲ್ಸಿ.”

ನಾನು ನಿಲ್ಲಿಸಿ ಎಂದು ಟೀಚರಿಗೆ ಹೇಳಿದೆ. ಅವಳು ಯಾಕೆ ಎಂದಳು. ನನಗೂ ಒಳಗೊಳಗೆ ಸಿಟ್ಟು ಬಂದಿತ್ತು. ನಾಲ್ಕು ಜನರ ಎದುರು ಒಬ್ಬರು ನನ್ನ ಇಂಗ್ಲಿಷನ್ನು ತಿದ್ದಿದ್ದು ಅದೇ ಮೊದಲು. “ಪಾಪ, ಇಷ್ಟು ದಿನ ಕಾದಿದ್ದಾರೆ ಯಜಮಾನ್ರೇ. ಹಗ್ಗದಲ್ಲಿ ಹೇಗಾದ್ರೂ ಮಾಡೋ ದಾರಿ ಹೇಳ್ಬಾರ್ದಾ?” ಎಂದೆ.

ಅವರು ಫೋನಿನ ಮುಂದೆ ಬಂದು ಎಡಗೈಯನ್ನು ಬಿಚ್ಚಿ ಹಿಡಿದರು. “ಇದನ್ನ ತೋರಿಸಿ. ನಾನ್ ಹೇಳ್ದಂಗೆ ಒಂದೊಂದೇ ಹೇಳಿ, ಒಂದಕ್ಷರ ಬಿಡ್ಬೇಡಿ,” ಎಂದರು.

ಹೇಳಿದೆ. ಗ್ಯಾಂಗಿಗೆ ಸೇರಿ ಮೂರನೇ ವರ್ಷ, ಬೇಸಿಗೆ. ಕ್ಲ್ಯಾಂಪು ಬೇರೆ ಊರಿಗೆ ಹೋಗಿತ್ತು. ಊರಿನವರು ಇವತ್ತೇ ಆಗಲಿ ಎಂದು ದುಂಬಾಲು ಬಿದ್ದರು. ಹಗ್ಗ ಕಟ್ಟಿ ಎತ್ತಿದರು. ಆರನೇ ಪೈಪಿಗೆ ಹಗ್ಗ ಜಾರಿತು. ಇವರ ಬೆರಳು ಹೋಯಿತು. ಪಕ್ಕದಲ್ಲಿದ್ದ ಜೊತೆಗಾರನಿಗೆ ಮುಂಗೈ ಮುರಿದು, ಆಮೇಲೆ ಅವನು ಆ ಕೆಲಸಕ್ಕೆ ಬರಲೇ ಇಲ್ಲ. ಪೈಪು ಬಾವಿಯೊಳಕ್ಕೆ ಬಿದ್ದು, ಆ ಊರಿಗೆ ಆ ಕೊಳವೆಬಾವಿಯೇ ಇಲ್ಲವಾಯಿತು.

ಆ ಕಡೆ ಟೀಚರ್ ನಿಧಾನವಾಗಿ ಹೇಳಿ ಮುಗಿಸಿದಳು. ಎಲ್ಲರಿಗಿಂತ ಹಿರಿಯಳಾದ ಒಬ್ಬ ಹೆಂಗಸು ಫೋನಿನ ಹತ್ತಿರ ಬಂದು ಅವರ ಕೈಯನ್ನು ನೋಡಿದಳು. ಆಮೇಲೆ ಏನೋ ಹೇಳಿ ಹಗ್ಗವನ್ನು ಸುತ್ತಿಟ್ಟಳು. ಕಾಯುತ್ತೇವೆ ಎಂದಳಂತೆ. ನಾನು ಟೀಚರಿಗೆ, ಮೊದಲು ತಪ್ಪು ಹೇಳಿದ್ದು ನಾನು, ಯಜಮಾನರಲ್ಲ ಎಂದೂ ಹೇಳಿದೆ. ಆಟೋದಲ್ಲಿ ವಾಪಸು ಬರುವಾಗ ಯಜಮಾನರ ಹತ್ತಿರ ಕ್ಷಮೆ ಕೇಳಿದೆ. “ಇರ್ಲಿ ಬಿಡಿ. ನೀವ್ ಒಳ್ಳೇದಕ್ಕೇ ಹೇಳಿದ್ದು,” ಎಂದು ರಸ್ತೆ ನೋಡುತ್ತಾ ಕೂತರು.

ಕ್ಲ್ಯಾಂಪಿನ ಚಿತ್ರವನ್ನು ಅವರು ರಟ್ಟಿನ ಮೇಲೆ ಬರೆದುಕೊಟ್ಟರು, ನಾನು ಅಳತೆಗಳನ್ನು ಬರೆದು ಕಳಿಸಿದೆ. ಅಲ್ಲಿಯ ಪಟ್ಟಣದ ವೆಲ್ಡಿಂಗಿನವನು ಹಳೆಯ ಲಾರಿಯ ಕಬ್ಬಿಣದಿಂದ ಒಂದನ್ನು ಮಾಡಿಕೊಟ್ಟ. ಫೋಟೋ ನೋಡಿ ಯಜಮಾನರು, ಇದರ ಬಾಯಿ ದೊಡ್ಡದಾಯಿತು, ಪೈಪನ್ನು ಕಚ್ಚುವುದಿಲ್ಲ ಎಂದು ತಿರಸ್ಕರಿಸಿದರು. ಎರಡನೆಯದು ಒಪ್ಪಿಗೆಯಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಆ ಮೂರು ವಾರ ಆ ಹೆಂಗಸರು ಹಳ್ಳಕ್ಕೆ ನಡೆದರು. ಅದರ ನಡುವೆಯೇ ಅಲ್ಲಿಯ ಚಪ್ಪಲಿ ಹೊಲಿಯುವವನಿಂದ ದಪ್ಪ ಚರ್ಮ ತಂದು, ಎಣ್ಣೆಯಲ್ಲಿ ನೆನೆಸಿ, ಮರದ ಅಚ್ಚಿಗೆ ಕಟ್ಟಿ, ಬಟ್ಟಲಿನ ಆಕಾರದ ವಾಷರ್ ಮಾಡುವುದನ್ನೂ ಯಜಮಾನರು ಹೇಳಿಕೊಟ್ಟರು. ಕಂಪನಿಯ ವಾಷರಿಗೆ ಕಾದರೆ ಮತ್ತೆ ತಿಂಗಳುಗಟ್ಟಲೆ ಆಗುತ್ತಿತ್ತು.

ಆ ದಿನಗಳಲ್ಲೇ ವಸಂತಪುರದ ಪಂಪನ್ನು ಮತ್ತೆ ಜೋಡಿಸಲು ಹೋದೆವು. ಒಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, ತಲೆ ಕೂರಿಸುವ ಮುಂಚೆ ಹತ್ತಿರ ಬಂದರು.

“ಅಣ್ಣ, ಹೆಂಗೂ ಬಿಚ್ಚಿದೀರ. ಒಂದ್ಸಲ ನೋಡಿ, ತಳದಲ್ಲಿ ಏನಾದ್ರೂ ಐತೇನೋ.”

ಎರಡು ದಿನದಿಂದ ಅವರ ಮನೆಗೆ ಟ್ಯಾಂಕರ್ ಬಂದಿರಲಿಲ್ಲ. ಯಜಮಾನರು ಉದ್ದನೆ ದಾರಕ್ಕೆ ಒಂದು ಬೋಲ್ಟು ಕಟ್ಟಿ ಇಳಿಬಿಟ್ಟರು. ಸುತ್ತು ಮುಗಿಯುವ ತನಕ ಬಿಟ್ಟು, ಎಳೆದುಕೊಂಡು, ದಾರವನ್ನು ಬೆರಳಿನಲ್ಲಿ ಒತ್ತಿ ನೋಡುತ್ತಾ ಬಂದರು. ಬೋಲ್ಟಿನ ತನಕ ಒಣಗಿತ್ತು.

“ಇಲ್ಲ ಅಕ್ಕ.”

“ಹೋಗ್ಲಿ ಬಿಡಿ, ಸುಮ್ನೆ ಕೇಳ್ದೆ,” ಎಂದು ಆಕೆ ಕಾಫಿ ತರಲು ಒಳಗೆ ಹೋದರು. ಯಜಮಾನರು ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಚೈನಿಗೆ ಗ್ರೀಸ್ ಹಚ್ಚಿದರು. ನೀರಿಲ್ಲದ ಪಂಪಿಗೆ ಗ್ರೀಸ್ ಯಾಕೆ ಎಂದು ಕೆಲಸಗಾರನೊಬ್ಬ ಕೇಳಿದ. ಕೆಲಸ ಅಂದ್ರೆ ಪೂರ್ತಿ ಮಾಡ್ಬೇಕಪ್ಪ ಎಂದರು.

ಜಾಂಬಿಯಾದ ಪಂಪು ಎತ್ತಿದ ದಿನ ನಾನು ಶ್ರೀನಗರದ ಅಂಗಡಿಯಲ್ಲಿದ್ದೆ. ಫೋನನ್ನು ಒಂದು ಪೇಂಟ್ ಡಬ್ಬಿಗೆ ಒರಗಿಸಿ, ಯಜಮಾನರು ಸ್ಟೂಲಿನ ತುದಿಯಲ್ಲಿ ಕೂತಿದ್ದರು. ಹೆಂಗಸರು ಹತ್ತೂ ಪೈಪುಗಳನ್ನು ಒಂದೊಂದಾಗಿ ಎತ್ತಿ, ಕ್ಲ್ಯಾಂಪು ಬಿಗಿದು, ಬಿಚ್ಚಿ ಸಾಲಾಗಿ ಮಲಗಿಸಿದರು. ಸಿಲಿಂಡರಿನಿಂದ ಹೊರಬಂದ ಹಳೆಯ ವಾಷರು ಬಾಡಿದ ಎಲೆಯಂತಿತ್ತು. ಹೊಸದನ್ನು ಹಾಕಿ ಮತ್ತೆ ಎಲ್ಲವನ್ನೂ ಇಳಿಸುವಷ್ಟರಲ್ಲಿ ಎರಡೂವರೆ ಗಂಟೆಯಾಯಿತು. ಅಷ್ಟು ಹೊತ್ತೂ ಯಜಮಾನರು ಎರಡು ಸಲ ಮಾತ್ರ ಮಾತಾಡಿದರು, ಎರಡೂ ಸಲ “ನಿಧಾನ” ಎಂದು.

ಆ ಹಿರಿಯಳು ಹಿಡಿ ಹಿಡಿದಳು. ಉಳಿದವರು ಎಣಿಸಿದರು. ಏಳನೆಯದಕ್ಕೆ ನೀರು ಬಂತು. ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಟೀಚರ್ ಅಳುತ್ತಿದ್ದಳು, ಫೋನು ಅಲ್ಲಾಡಿ ನಮಗೆ ಬರೀ ಆಕಾಶ ಕಾಣಿಸುತ್ತಿತ್ತು.

“ಏಳಾ?” ಎಂದರು ಯಜಮಾನರು.

“ಏಳು.”

“ಐದಕ್ಕೆ ಬರ್ಬೇಕು. ಇರ್ಲಿ, ಚರ್ಮ ನೆನೀಲಿ. ನಾಳೆ ಎಣಿಸಿ ಹೇಳೋಕೆ ಹೇಳಿ.”

ಮರುದಿನ ಐದಕ್ಕೆ ಬಂತು. ಅದನ್ನು ಹೇಳಲು ನಾನು ಮತ್ತೆ ಶ್ರೀನಗರಕ್ಕೆ ಹೋದೆ. ಫೋನಿನಲ್ಲೇ ಹೇಳಬಹುದಿತ್ತು.

ಇದಾಗಿ ಒಂದು ವರ್ಷ ದಾಟಿದೆ. ಆ ಹೆಂಗಸರು ಅಕ್ಕಪಕ್ಕದ ಎರಡು ಊರುಗಳ ಪಂಪುಗಳನ್ನೂ ಬಿಚ್ಚಿ ಸರಿಮಾಡಿದ್ದಾರೆ. ಈಗ ನೇರವಾಗಿ ಯಜಮಾನರಿಗೇ ಕರೆ ಮಾಡುತ್ತಾರೆ. ಫೋನನ್ನು ಪಂಪಿನ ಹತ್ತಿರ ಹಿಡಿದು ಹಿಡಿ ಹೊಡೆಯುತ್ತಾರೆ, ಅವರು ಸದ್ದು ಕೇಳಿ “ಚೈನ್” ಎಂದೋ “ವಾಷರ್” ಎಂದೋ ಹೇಳುತ್ತಾರೆ, ಕೆಲಸ ಮುಗಿಯುತ್ತದೆ. ಅಳಿಯ ಮೊದಮೊದಲು ಗೊಣಗುತ್ತಿದ್ದ, ಈಗ ಗಿರಾಕಿಗಳಿಗೆ ತಾನೇ ಹೇಳಿಕೊಳ್ಳುತ್ತಾನೆ. ನನ್ನ ಇಂಗ್ಲಿಷ್ ಪಾಠ ವಾರಕ್ಕೊಂದು ದಿನ ನಡೆಯುತ್ತಿದೆ. ಎಂಟು ಜನ ತಪ್ಪದೆ ಬರುತ್ತಾರೆ.

ಹೋದ ತಿಂಗಳು ಆ ಹೆಂಗಸರು ಹೇಳಿದ್ದು ಅರ್ಥವಾಗದೆ ಯಜಮಾನರು ನನ್ನನ್ನು ಕರೆಸಿದರು. ಇನ್ನೊಂದು ಊರಿನ ಪಂಪಿನಲ್ಲಿ ನೀರು ಚೆನ್ನಾಗಿ ಬರುತ್ತದೆ, ಆದರೆ ತುಕ್ಕಿನ ರುಚಿ, ಬಟ್ಟೆ ಒಗೆದರೆ ಕಂದು ಕಲೆ. ಏನು ಮಾಡಿದರೂ ಹೋಗುತ್ತಿಲ್ಲ ಎಂದು ಟೀಚರ್ ಬಿಡಿಸಿ ಹೇಳಿದಳು.

“ಇದು ನನ್ ಕೈಲಾಗೋದಲ್ಲ ಮೇಡಂ. ನನಗೆ ಗೊತ್ತಿಲ್ಲ ಅಂತ ಹೇಳಿ. ಗೊತ್ತಿರೋರನ್ನ ಹುಡುಕ್ತೀವಿ ಅಂತಾನೂ ಹೇಳಿ.”

ತಮ್ಮ ಗ್ಯಾಂಗಿನ ಮೇಲಿದ್ದ ಎಂಜಿನಿಯರೊಬ್ಬರು ಜೆ.ಪಿ. ನಗರದಲ್ಲಿರಬೇಕು, ಬದುಕಿದ್ದರೆ, ಎಂದರು. ಇದ್ದರು. ಭಾನುವಾರ ಇಬ್ಬರೂ ಹೋದೆವು. ಎಂಬತ್ತೈದರ ಆ ಹಿರಿಯರು ಯಜಮಾನರನ್ನು ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಎಲ್ಲ ಕೇಳಿದ ಮೇಲೆ, ನೀರಿನಲ್ಲಿ ಹುಳಿಯ ಅಂಶ ಹೆಚ್ಚಿದ್ದರೆ ಕಬ್ಬಿಣದ ಪೈಪನ್ನು ತಿನ್ನುತ್ತದೆ, ಪೈಪನ್ನೇ ಬದಲಾಯಿಸಬೇಕಾಗಬಹುದು, ಆದರೆ ನೀರನ್ನು ಪರೀಕ್ಷೆ ಮಾಡಿಸದೆ ಏನೂ ಹೇಳಲಾರೆ ಎಂದರು. ಅಲ್ಲಿಯ ಪಟ್ಟಣದಲ್ಲಿ ನೀರು ಪರೀಕ್ಷಿಸುವವರು ಯಾರಿದ್ದಾರೆ ಎಂದು ಟೀಚರ್ ವಿಚಾರಿಸುತ್ತಿದ್ದಾಳೆ.