ಅಟ್ಟದ ಕಾಯಿ, ಇಲ್ಲದ ಶೇರು

ಕಳೆದ ಮಂಗಳವಾರ ಮಧ್ಯಾಹ್ನ ನೊಣವಿನಕೆರೆಯ ಅಕ್ಕನ ಮನೆಗೆ ಹೋದೆ. ಭಾವ ಅಟ್ಟದ ಮೇಲಿದ್ದರು. ತೆಂಗಿನಕಾಯಿ ಧಡಧಡ ಕೆಳಗೆ ಬೀಳುತ್ತಿದ್ದವು. ಒಂದನ್ನೆತ್ತಿ ಅಲ್ಲಾಡಿಸಿದೆ. ಒಳಗೆ ಇನ್ನೂ ನೀರು!

ನಮ್ಮ ಸೀಮೆಯವರಿಗೆ ಇದರ ಅರ್ಥ ಹೇಳಬೇಕಿಲ್ಲ. (ಉಳಿದವರಿಗೆ: ಕಾಯಿ ವರ್ಷದ ಹತ್ತಿರ ಅಟ್ಟದಲ್ಲಿ ಕೂತು, ನೀರು ಇಂಗಿ ಒಣಗಿದರೇ ಉಂಡೆ ಕೊಬ್ಬರಿ. ಮೊದಲೇ ಇಳಿಸಿದರೆ ವರ್ಷದ ಬೆಳೆ ಅರ್ಧಕ್ಕರ್ಧ ಹೋದಂತೆ.)

"ಏನ್ ಭಾವ ಇದು?"

"ಬ್ರೋಕರ್ ಫೋನ್ ಮಾಡಿದ್ದ ಕಣಪ್ಪ. ಸಾಯಂಕಾಲದೊಳ್ಗೆ ಇನ್ನಷ್ಟು ಮಾರ್ಜಿನ್, ಅದೇ ಠೇವಣಿ ದುಡ್ಡು, ಕಟ್ಬೇಕಂತೆ. ಸಿಕ್ಕಿದ ರೇಟಿಗೆ ಇವನ್ನ ತಳ್ಬುಡ್ತೀನಿ."

ಶೇರುಪೇಟೆ ಬೀಳುತ್ತಿತ್ತಲ್ಲ, ಭಾವ ಶಾರ್ಟ್ ಸೆಲ್ಲಿಂಗಿಗೆ ಇಳಿದಿದ್ದರು. ಅಂದರೆ ಕೈಯಲ್ಲಿಲ್ಲದ ಶೇರನ್ನು ಇಂದಿನ ರೇಟಿಗೆ ಮಾರುವುದು, ಬಿದ್ದ ಮೇಲೆ ಅಗ್ಗಕ್ಕೆ ಕೊಂಡು ವ್ಯವಹಾರ ಮುಗಿಸುವುದು. ಎರಡು ದಿನ ಲಾಭ ಕಂಡಿತು. ಮೂರನೇ ದಿನ ರೇಟು ತಿರುಗಿ ಏರಿತು. ಆಗಲೇ ಕೊಂಡು ಹೊರಬರಬೇಕಿತ್ತು. ಬರಲಿಲ್ಲ. ಯಾಕೆ? ಕೊಬ್ಬರಿಯವರಲ್ಲವೇ!

"ಕೊಬ್ರಿ ರೇಟೂ ಹಿಂಗೇ ಆಡ್ತದೆ ಬುಡು. ಇನ್ನೆರಡು ದಿನ ಕಾದ್ರೆ ಇಳೀತದೆ."

ಇದೇ ನಮ್ಮವರ ತಪ್ಪು. ಕೊಬ್ಬರಿ ರೇಟು ಬಿದ್ದರೆ ಕಾಯಬಹುದು, ಮಾಲು ನಮ್ಮದು. ಇಲ್ಲದ್ದನ್ನು ಮಾರಿದವನು ಯಾವ ಧೈರ್ಯಕ್ಕೆ ಕಾಯಬೇಕು? ಏರುವ ರೇಟಿಗೆ ಸೂರಿದೆಯೇ?

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಇನ್ನರ್ಧ ಗಂಟೆಯಲ್ಲಿ ರೇಟು ಇಳಿದೀತೇನೋ ಎಂದು ಮೊಬೈಲನ್ನೇ ನೋಡುತ್ತಿದ್ದೆ. ಈಗಲೂ ಬೆವರುವುದು ಅದನ್ನು ನೆನೆದೇ.

ಅಕ್ಕ ಒಳಗಿನಿಂದ ಬಂದಳು. "ಇಳೀರಿ ಕೆಳಗೆ. ಅಟ್ಟದಲ್ಲಿರೋದು ನಮ್ದು. ನೀವು ಮಾರಿದ್ದು ಯಾರ್ದು?"

"ಈಗ ಕೊಂಡ್ರೆ ನಷ್ಟ ಕಣೇ!"

"ಆಗ್ಲಿ. ಅಷ್ಟಕ್ಕೇ ನಿಲ್ಲುತ್ತಲ್ಲ." ನನ್ನತ್ತ ತಿರುಗಿದಳು. "ಬಿ.ಕಾಂ. ಮಾಡಿ ಕಂಬದಂಗೆ ನಿಂತಿದೀಯಲ್ಲೋ! ಒತ್ಸು ಕೊಳ್ಳೋ ಬಟನ್ನು."

ಭಾವ ಇಳಿದು ಬಂದು ಒತ್ತಿದರು. ಮಗಳಿಗೆ ಸ್ಕೂಟರ್ ಕೊಡಿಸಲು ಎತ್ತಿಟ್ಟಿದ್ದ ದುಡ್ಡು ಹೋಯಿತು. ಅಟ್ಟ ಬಹುಪಾಲು ಉಳಿಯಿತು. ಪೇಟೆ ಮರುದಿನ ಇನ್ನೂ ಏರಿತು.

ನಾನಂತೂ ಗಟ್ಟಿ ಮಾಡಿಕೊಂಡಿದ್ದೇನೆ: ಪೇಟೆ ಎಷ್ಟೇ ಬೀಳಲಿ, ನನ್ನದಲ್ಲದ್ದನ್ನು ಮಾರುವುದಿಲ್ಲ. ಮುಳುಗುವವರನ್ನು ನೋಡಿ ಸುಮ್ಮನಿರುವುದೂ ಇಲ್ಲ.

ಸೋತಿದ್ದು ಸಾಕು, ಎದ್ದು ಬಾ ಎಂದು ಗದರುವವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ?