ಗೋಡೆಯ ಮೇಲಿನ ಕೌಂಟಿ
ಅರಬ್ ನಾಡಿನ ರಾಸ್ ಲಫಾನ್ ಅನಿಲ ಸ್ಥಾವರದಲ್ಲಿ ದುಡಿಯುವ ಅಣ್ಣನನ್ನು ನೋಡಲು ಗೇಟ್ ಪಾಸ್ ಬೇಕಿತ್ತು. ಹತ್ತಿರದ ಅಲ್ ಖೋರ್ ಪಟ್ಟಣದ ಕಚೇರಿಯಲ್ಲಿ ಪಾಸ್ ಬರೆಯುವವನು ಒಬ್ಬ ವಯಸ್ಸಾದ ಅಮೆರಿಕನ್. ಹೊರಗೆ ಕಂಪನಿಯ ಬಸ್ಸು ಗುರುಗುಟ್ಟುತ್ತಿತ್ತು. ನನ್ನ ವಿಮಾನ ಸಂಜೆಗೆ. ಈ ಬಸ್ಸು ತಪ್ಪಿದರೆ ಅಣ್ಣ ಸಿಗುವುದಿಲ್ಲ.

ಅವನೋ ನಿಧಾನವಾಗಿ ಗೋಡೆಯ ನಕ್ಷೆ ತೋರಿಸುತ್ತಿದ್ದ. ಅದು ಅವನ ಕೌಂಟಿ, ನಮ್ಮ ತಾಲೂಕಿನಂತೆ. ನದಿ ದಾರಿ ಬದಲಿಸಿದ್ದು, ಕೋರ್ಟು ಸುಟ್ಟಿದ್ದು, ಗಣಿ ಮುಚ್ಚಿ ಜನ ಚದುರಿದ್ದು, ಎಲ್ಲ ಹೇಳಿದ. ನಕ್ಷೆಯ ತುಂಬ ಪೆನ್ಸಿಲ್ಲಿನ ಪುಟ್ಟ ಹೆಸರುಗಳು.

"ಇನ್ನೂ ಅಲ್ಲಿರುವ ನಮ್ಮವರು" ಎಂದ.

ಡ್ರೈವರ್ ಹಂಝಾಕ ಬಾಗಿಲಲ್ಲಿ ಇಣುಕಿದರು. "ಯಲ್ಲಾ ಅಕ್ಕ, ಬೇಗ! ಇದು ಹೋದ್ರೆ ಇವತ್ತು ಬೇರೆ ಬಸ್ಸು ಮಾಫಿ, ಇಲ್ಲವೇ ಇಲ್ಲ."

ನಾನು ಚಡಪಡಿಸುತ್ತ, ನದಿಯ ಪಕ್ಕ ಒಂದು ಹೆಸರು ಅಳಿಸಿದ್ದೇಕೆಂದು ಕೇಳಿಬಿಟ್ಟೆ.

"ನನ್ನ ತಮ್ಮ. ಹುಷಾರಿಲ್ಲ ಎಂದು ಫೋನ್ ಬಂದಿತ್ತು. ಒಂದು ವಾರ ಬಿಟ್ಟು ಹೊರಡೋಣ ಎಂದುಕೊಂಡೆ."

ಅವನು ಪಾಸಿಗೆ ಸಹಿ ಹಾಕಿ, ತಾನೇ ಎದ್ದು ಬಾಗಿಲು ತೆರೆದು ಹಿಡಿದ.

ಗೇಟಿನ ಬಳಿ ಇಳಿದಾಗ ಕೆಲಸಗಾರರ ದೊಡ್ಡ ಗುಂಪು. ಎಲ್ಲರದೂ ಒಂದೇ ಹೆಲ್ಮೆಟ್, ಒಂದೇ ಧೂಳು. ಗುರುತು ಹತ್ತದೆ ಗಾಬರಿಯಿಂದ "ಅಣ್ಣಾ!" ಎಂದು ಕೂಗಿದೆ.

ಏಳೆಂಟು ಮಂದಿ ತಿರುಗಿ ನೋಡಿದರು. ಒಬ್ಬ ಓಡಿ ಬಂದ.